ತಾಯಂದಿರು ಹತ್ತಿದ ಮೆಟ್ಟಿಲು

ಮಾನವಂತರು ಕೋರ್ಟಿನ ಮೆಟ್ಟಿಲು ಹತ್ತಬಾರದು ಎಂಬ ಮಾತನ್ನು ಚಿಕ್ಕಂದಿನಿಂದ ಕೇಳುತ್ತಾ ಬಂದವಳು ನಾನು. ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನಂತೂ ನಮ್ಮೂರಿನಲ್ಲಿ ಹೇಳದವರೇ ಇರಲಿಲ್ಲ. ಆದರೂ ನನ್ನ ಅಮ್ಮ ಆ ಮೆಟ್ಟಿಲು ಹತ್ತಿದಳು. ಅಪ್ಪ ತೀರಿಕೊಂಡ ಮೇಲೆ ಜಮೀನಿನಲ್ಲಿ ನಮ್ಮ ಪಾಲು ನಮಗೆ ಬರಲಿಲ್ಲ. ಅದಕ್ಕಾಗಿ ದಾವೆ ಹೂಡಿದಳು. ನನಗಾಗ ಹತ್ತು ವರ್ಷ. ವಾಯಿದೆಯ ದಿನ ಮೊದಲ ಬಸ್ಸಿಗೆ ಬುತ್ತಿ ಕಟ್ಟಿಕೊಂಡು ಹೊರಟು, ತಾಲ್ಲೂಕು ಕೋರ್ಟಿನ ಮುಂದಿನ ಹುಣಸೆಮರದ ಕೆಳಗೆ ಕೂತಿರುತ್ತಿದ್ದೆವು. ಒಳಗಿನಿಂದ ಜವಾನ ಕೂಗಿದ ಕೂಡಲೇ ಅಮ್ಮ ಸೆರಗು ಹೊದ್ದುಕೊಂಡು ಎದ್ದು ಓಡುತ್ತಿದ್ದಳು. ಹೆಚ್ಚಿನ ದಿನ ಮುಂದಿನ ತಾರೀಕನ್ನಷ್ಟೇ ತಿಳಿದುಕೊಂಡು ಹೊರಗೆ ಬರುತ್ತಿದ್ದಳು. ವಕೀಲರ ಕಾಗದದಲ್ಲಿ ನನ್ನ ಹೆಸರೂ ಇತ್ತು. ಹೆಸರಿನ ಮುಂದೆ ‘ಮೈನರ್, ಗಾರ್ಡಿಯನ್ ತಾಯಿಯ ಮೂಲಕ’ ಎಂದು ಬರೆದಿದ್ದರು. ಹಾಗೆಂದರೇನು ಎಂದು ಕೇಳಿದ್ದಕ್ಕೆ ಅಮ್ಮ, “ನಿನ್ನ ಮಾತನ್ನೂ ನಾನೇ ಆಡಬೇಕು ಅಂತ” ಎಂದಿದ್ದಳು.

ಇಷ್ಟು ವರ್ಷಗಳ ಮೇಲೆ, ಏಳು ಸಮುದ್ರದಾಚೆ ಒಂದು ಹಳೆಯ ಕೋರ್ಟಿನ ಮೆಟ್ಟಿಲ ಮೇಲೆ ನಿಂತಾಗ ಅಮ್ಮನ ಆ ಮಾತು ನೆನಪಾಯಿತು. 2025ರ ಬೇಸಿಗೆ ರಜೆಯಲ್ಲಿ ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದೆ. ಅವಳಿದ್ದ ಊರಿಗೆ ಹತ್ತಿರದ ದೊಡ್ಡ ಪಟ್ಟಣ ಸೇಂಟ್ ಲೂಯಿಸ್. ಅಲ್ಲಿಗೆ ಹೋದವರೆಲ್ಲ ನೋಡುವುದು ನದೀತೀರದ ದೊಡ್ಡ ಉಕ್ಕಿನ ಕಮಾನನ್ನು. ನಾವೂ ಅದಕ್ಕೇ ಹೋದದ್ದು. 192 ಮೀಟರ್ ಎತ್ತರದ ಆ ಕಮಾನಿನ ಕೆಳಗೆ ನಿಂತು ಊರಿನ ಕಡೆ ತಿರುಗಿದರೆ, ಅದರ ಎರಡು ಕಾಲುಗಳ ನಡುವೆ ಸರಿಯಾಗಿ, ದೇವರ ಮನೆಯ ಬಾಗಿಲಿನಲ್ಲಿ ಮೂರ್ತಿ ಕಂಡ ಹಾಗೆ, ಹಸಿರು ಗುಮ್ಮಟದ ತಿಳಿಬಣ್ಣದ ಕಟ್ಟಡವೊಂದು ಕಾಣುತ್ತದೆ. “ಅದೇನೇ?” ಎಂದೆ. “ಹಳೇ ಕೋರ್ಟಮ್ಮ. ರಿಪೇರಿ ಮಾಡಿ ಈ ತಿಂಗಳು ತಾನೇ ಬಾಗಿಲು ತೆಗೆದಿದ್ದಾರೆ” ಎಂದಳು ಮಗಳು. ಕಮಾನಿನ ತುದಿಗೆ ಹೋಗುವ ಡಬ್ಬಿಯಂಥ ಲಿಫ್ಟಿಗೆ ನನಗೆ ಹೇಗೂ ಧೈರ್ಯವಿರಲಿಲ್ಲ. ಅವರೆಲ್ಲ ಮೇಲೆ ಹೋದರು, ನಾನು ಕೋರ್ಟಿಗೆ ಹೋದೆ.

ಆ ದೇಶದಲ್ಲಿ ರಾಜ್ಯಗಳನ್ನು ಕೌಂಟಿಗಳಾಗಿ ಹಂಚಿದ್ದಾರೆ. ನಮ್ಮ ಜಿಲ್ಲೆ ಇದ್ದ ಹಾಗೆ ಎಂದುಕೊಳ್ಳಬಹುದು. ಕೌಂಟಿಗೊಂದು ಕೋರ್ಟುಮನೆ. ಖಟ್ಲೆ ಮಾತ್ರವಲ್ಲ, ಭೂಮಿಯ ಪತ್ರ, ಮೃತ್ಯುಪತ್ರ, ತೆರಿಗೆ, ಸಾರ್ವಜನಿಕ ಸಭೆ ಎಲ್ಲವೂ ಅಲ್ಲೇ. ಊರಿಗೆ ನಡುಮನೆ ಇದ್ದ ಹಾಗೆ. ಆದ್ದರಿಂದ ಆ ಜನ ತಮ್ಮ ಕೋರ್ಟನ್ನು ಚೆಂದವಾಗಿ, ದೂರಕ್ಕೆ ಕಾಣುವ ಹಾಗೆ ಕಟ್ಟಿಸುತ್ತಿದ್ದರು. ಈ ಕಟ್ಟಡ ಸೇಂಟ್ ಲೂಯಿಸ್ ಕೌಂಟಿಯದು.

ಊರು ಹುಟ್ಟಿದ್ದು 1764ರಲ್ಲಿ, ತುಪ್ಪಳದ ಚರ್ಮ ಕೊಳ್ಳಲು ಬಂದ ಫ್ರೆಂಚ್ ವ್ಯಾಪಾರಿಗಳಿಂದ. 1803ರಲ್ಲಿ ಅಮೆರಿಕ ಆ ಸೀಮೆಯನ್ನೆಲ್ಲ ಫ್ರಾನ್ಸಿನಿಂದ ಕ್ರಯಕ್ಕೆ ಪಡೆಯಿತು. 1816ರಲ್ಲಿ ಆಗುಸ್ತ್ ಶೂಟೊ ಮತ್ತು ಜಾನ್ ಬ್ಯಾಪ್ಟಿಸ್ಟ್ ಚಾರ್ಲ್ಸ್ ಲ್ಯೂಕಸ್ ಎಂಬ ಇಬ್ಬರು ಶ್ರೀಮಂತರು, ಎಂದೆಂದಿಗೂ ಕೋರ್ಟೇ ಇರತಕ್ಕದ್ದು ಎಂಬ ಷರತ್ತು ಹಾಕಿ ಈ ನಿವೇಶನವನ್ನು ಕೌಂಟಿಗೆ ದಾನ ಕೊಟ್ಟರು. 1828ರ ಹೊತ್ತಿಗೆ ಅಲ್ಲಿ ಇಟ್ಟಿಗೆಯ ಸಾಧಾರಣ ಕೋರ್ಟೊಂದು ಎದ್ದಿತು. ಹಬೆಯ ದೋಣಿಗಳು ಬಂದು ಊರು ಬೆಳೆಯಿತು. ಹತ್ತೇ ವರ್ಷದಲ್ಲಿ ಆ ಕೋರ್ಟು ಸಾಲದಾಯಿತು. 1839ರಲ್ಲಿ ಹೆನ್ರಿ ಸಿಂಗಲ್ಟನ್ ಎಂಬ ವಾಸ್ತುಶಿಲ್ಪಿ ಹೊಸ ನಕ್ಷೆ ಬರೆದ. ಮಗ್ಗಿ ಪುಸ್ತಕದ ಕೂಡಿಸುವ ಚಿಹ್ನೆಯನ್ನು ನೆನೆಸಿಕೊಂಡರೆ ಆ ನಕ್ಷೆ ಅರ್ಥವಾಗುತ್ತದೆ. ನಾಲ್ಕು ದಿಕ್ಕಿಗೆ ನಾಲ್ಕು ಕೈ, ನಡುವೆ ದುಂಡಗಿನ ದೊಡ್ಡ ಹಜಾರ, ಹಜಾರದ ಮೇಲೆ ಗುಮ್ಮಟ, ಹೊರಗೆ ಹಳೆಯ ಗ್ರೀಕ್ ದೇವಾಲಯಗಳ ಮಾದರಿಯಲ್ಲಿ ದಪ್ಪ ಕಂಬಗಳ ಮೊಗಸಾಲೆ.

ಹಳೆಯ ಇಟ್ಟಿಗೆಯ ಕೋರ್ಟನ್ನೇ ಮೊದಲಿಗೆ ಪೂರ್ವದ ಕೈಯೆಂದು ಇಟ್ಟುಕೊಂಡರು. ನಾವು ಹಳೇ ಮನೆಗೆ ಹೊಸ ಕೋಣೆ ಸೇರಿಸುವುದಿಲ್ಲವೇ, ಹಾಗೆ. 1851ರ ನಂತರ ರಾಬರ್ಟ್ ಮಿಚೆಲ್ ಎಂಬಾತ ಅದನ್ನು ಕೆಡವಿಸಿ ಹೊಸದು ಕಟ್ಟಿಸಿದ. ದಕ್ಷಿಣ, ಉತ್ತರದ ಕೈಗಳನ್ನೂ ಎಬ್ಬಿಸಿದ. ಕಡೆಗೆ ಬಂದವನು ವಿಲಿಯಂ ರಂಬೋಲ್ಡ್. ಅವನು ಮೊದಲಿನ ಗಿಡ್ಡ ಗುಮ್ಮಟ ತೆಗೆಸಿ, ರೋಮಿನ ಸೇಂಟ್ ಪೀಟರ್ ಇಗರ್ಜಿಯ ಗುಮ್ಮಟವನ್ನು ಮನಸ್ಸಿನಲ್ಲಿಟ್ಟುಕೊಂಡು, ಕಬ್ಬಿಣದ ಎತ್ತರದ ಗುಮ್ಮಟ ಕೂರಿಸಿದ. ನಮ್ಮ ಬಿಜಾಪುರದ ಗೋಲಗುಮ್ಮಟದ ಭಾರ ಹೊರಲು ಎಷ್ಟು ದಪ್ಪದ ಗೋಡೆ ಬೇಕಾಯಿತು ಎಂಬುದನ್ನು ಪ್ರವಾಸಕ್ಕೆ ಹೋದ ಮಕ್ಕಳೂ ಬಲ್ಲರು. ಕಬ್ಬಿಣದ ಪಕ್ಕೆಲುಬುಗಳಿಗೆ ಅಷ್ಟು ದಪ್ಪದ ಗೋಡೆ ಬೇಡ. ವಾಷಿಂಗ್ಟನ್ನಿನ ಸಂಸತ್ ಭವನದ ಕಬ್ಬಿಣದ ಗುಮ್ಮಟವೂ ಅದೇ ಕಾಲದಲ್ಲಿ ಏಳುತ್ತಿತ್ತು. 1862ರಲ್ಲಿ ಎಲ್ಲ ಮುಗಿಯುವ ಹೊತ್ತಿಗೆ ಸುಮಾರು 12 ಲಕ್ಷ ಡಾಲರ್ ಖರ್ಚಾಗಿತ್ತು. ಬೆಂಗಳೂರಿನ ಅಠಾರಾ ಕಚೇರಿ ಮುಗಿದದ್ದು 1868ರಲ್ಲಿ. ಎರಡೂ ಹೆಚ್ಚುಕಡಿಮೆ ಓರಗೆಯವು.

ಒಳಗೆ ಕಾಲಿಟ್ಟರೆ ತಣ್ಣಗೆ. ನಡು ಹಜಾರದಲ್ಲಿ ನಿಂತು ಕತ್ತೆತ್ತಿದರೆ ಸುತ್ತಲೂ ಒಂದರ ಮೇಲೊಂದು ಮೊಗಸಾಲೆಗಳು, ಅವುಗಳ ಮೇಲೆ ಗುಮ್ಮಟದ ಒಳಮೈ. ಅಲ್ಲಿ ಕಾರ್ಲ್ ವಿಮರ್ ಎಂಬ ಕಲಾವಿದ 1862ರಲ್ಲಿ ಆ ನಾಡಿನ ಚರಿತ್ರೆಯನ್ನು ಚಿತ್ರಿಸಿದ್ದಾನೆ. ಕ್ಷಯದಿಂದ ನರಳುತ್ತಲೇ ಆ ಕೆಲಸ ಮಾಡಿದ. ಅದೇ ವರ್ಷ ತೀರಿಕೊಂಡ. ಇದೇ ಹಜಾರದಲ್ಲಿ 1849ರಲ್ಲಿ ದೊಡ್ಡದೊಂದು ರೈಲ್ವೆ ಸಮ್ಮೇಳನ ನಡೆಯಿತು. ಥಾಮಸ್ ಹಾರ್ಟ್ ಬೆಂಟನ್ ಎಂಬ ಮುಖಂಡ ಪೆಸಿಫಿಕ್ ಸಾಗರದವರೆಗೆ ರೈಲುದಾರಿ ಬೇಕೆಂದು ಭಾಷಣ ಮಾಡುತ್ತಾ, ಪಶ್ಚಿಮದ ಕಡೆ ಕೈ ತೋರಿಸಿ ಅದೇ ಇಂಡಿಯಾಕ್ಕೆ ದಾರಿ ಎಂದನಂತೆ. ಇಂಡಿಯಾದಿಂದ ಬಂದ ನಾನು ಅಲ್ಲಿ ನಿಂತು ಅದನ್ನು ಕೇಳಿ ಒಳಗೊಳಗೇ ನಕ್ಕೆ. ಆಗಿನ ಲೋಕಕ್ಕೆಲ್ಲ ನಮ್ಮ ದೇಶದ ಸಂಪತ್ತಿನ ಮೇಲೆ ಕಣ್ಣು.

ನಗು ಬಹಳ ಹೊತ್ತು ಉಳಿಯಲಿಲ್ಲ. ನಾನು ಹತ್ತಿ ಬಂದ ಆ ಕೋರ್ಟಿನ ಮೆಟ್ಟಿಲುಗಳ ಮೇಲೆಯೇ ಒಂದು ಕಾಲದಲ್ಲಿ ಮನುಷ್ಯರನ್ನು ಹರಾಜು ಹಾಕುತ್ತಿದ್ದರು. ಯಜಮಾನ ಸತ್ತರೆ, ಸಾಲದಲ್ಲಿ ಮುಳುಗಿದರೆ, ಅವನ ಆಸ್ತಿಯನ್ನು ಕೋರ್ಟಿನ ಅಪ್ಪಣೆಯ ಮೇರೆಗೆ ಮಾರಬೇಕು. ಕುದುರೆ, ಮೇಜು, ಕುರ್ಚಿಗಳ ಹಾಗೆ ಕರಿಯ ಗುಲಾಮರೂ ಆಸ್ತಿಯೇ. ಒಳಗೆ ನ್ಯಾಯ, ಹೊರಗೆ ಮೆಟ್ಟಿಲ ಮೇಲೆ ಈ ಸಂತೆ. ಆದರೆ ಅದೇ ಮೆಟ್ಟಿಲು ಹತ್ತಿ ಒಳಗೆ ಹೋಗಿ, ‘ನಾನು ಗುಲಾಮಳಲ್ಲ’ ಎಂದು ದಾವೆ ಹೂಡಿದವರೂ ಇದ್ದರು. ಅವರ ಕತೆಯನ್ನು ಬರೆಯಬೇಕೆಂದೇ ಇಷ್ಟೆಲ್ಲ ಪೀಠಿಕೆ.

ಇದಕ್ಕೆ ಸ್ವಲ್ಪ ಭೂಗೋಳ ಬೇಕು. ಸೇಂಟ್ ಲೂಯಿಸ್ ಮಿಸಿಸಿಪ್ಪಿ ನದಿಯ ಪಶ್ಚಿಮ ದಡದಲ್ಲಿದೆ, ಮಿಸೌರಿ ರಾಜ್ಯದಲ್ಲಿ. ಅಲ್ಲಿ ಗುಲಾಮಗಿರಿ ಕಾನೂನುಬದ್ಧ. ಹೊಳೆ ದಾಟಿದರೆ ಇಲಿನಾಯ್; ಅಲ್ಲಿ ನಿಷಿದ್ಧ. ಯಜಮಾನರು ಕೆಲಸಕಾರ್ಯಕ್ಕೆಂದು ಗುಲಾಮರನ್ನು ಕರೆದುಕೊಂಡು ಆಚೆ ದಡಕ್ಕೆ ಹೋಗಿ ತಿಂಗಳು, ವರ್ಷ ಇದ್ದು ಮರಳುತ್ತಿದ್ದರು. ಹಾಗೆ ಸ್ವತಂತ್ರ ನೆಲದಲ್ಲಿ ನೆಲೆಸಿ ಬಂದವರು ಸ್ವತಂತ್ರರಾದ ಹಾಗೆಯೇ ಎಂದು ಮಿಸೌರಿಯ ಮೇಲಿನ ಕೋರ್ಟು 1824ರಲ್ಲಿ ತೀರ್ಪು ಕೊಟ್ಟಿತು. ದಾವೆ ಹೂಡಿದ್ದವಳು ವಿನ್ನಿ ಎಂಬ ಹೆಂಗಸು. ಸೈನ್ಯದ ಅಧಿಕಾರಿ ತನ್ನ ನೌಕರಿಯ ನಿಮಿತ್ತ ಕರೆದುಕೊಂಡು ಹೋಗಿದ್ದರೂ ಇದೇ ನ್ಯಾಯ ಸಲ್ಲುತ್ತದೆ ಎಂದು 1836ರಲ್ಲಿ ಇನ್ನೊಂದು ತೀರ್ಪು ಬಂತು. ಆ ದಾವೆಯವಳು ರೇಚಲ್. 1814ರಿಂದ 1860ರವರೆಗೆ ಈ ಊರಿನ ಕೋರ್ಟಿನಲ್ಲಿ ಇಂಥ ಸುಮಾರು 300 ಬಿಡುಗಡೆಯ ದಾವೆಗಳು ದಾಖಲಾದವು.

ದಾವೆಯ ರೀತಿಯೂ ವಿಚಿತ್ರ. ನನ್ನನ್ನು ಬಿಡುಗಡೆ ಮಾಡಿ ಎಂದು ನೇರವಾಗಿ ಕೇಳುವುದಲ್ಲ. ಇಂಥವರು ನನ್ನನ್ನು ಹೊಡೆದು ಕೂಡಿಹಾಕಿದ್ದಾರೆ ಎಂದು ಫಿರ್ಯಾದು. ಯಜಮಾನ, ‘ಅವಳು ನನ್ನ ಗುಲಾಮಳು, ಹೊಡೆಯುವುದಕ್ಕೆ ನನಗೆ ಹಕ್ಕಿದೆ’ ಎನ್ನಬೇಕು. ಆಗ ಕೋರ್ಟು ಅವಳು ನಿಜವಾಗಿ ಗುಲಾಮಳೋ ಅಲ್ಲವೋ ಎಂಬುದನ್ನು ನೋಡಬೇಕು. ಬಡವರಾದರೆ ಕೋರ್ಟೇ ವಕೀಲರನ್ನು ಕೊಡುತ್ತಿತ್ತು. ವ್ಯಾಜ್ಯ ಮುಗಿಯುವವರೆಗೆ ಅವರನ್ನು ಹೊರಗೆ ಸಾಗಿಸದಂತೆ ಅಪ್ಪಣೆಯೂ ಇರುತ್ತಿತ್ತು.

ಇಷ್ಟೊಂದು ಹೆಂಗಸರು ಏಕೆ ಮುಂದಾದರು ಎಂಬುದಕ್ಕೆ ಕಾರಣ ಆ ಕಾಲದ ಇನ್ನೊಂದು ಕಾನೂನಿನಲ್ಲಿದೆ. ಗುಲಾಮಗಿರಿಯ ವಿಷಯದಲ್ಲಿ ಮಗುವಿಗೆ ತಾಯಿಯ ಸ್ಥಿತಿಯೇ ಬರತಕ್ಕದ್ದು. ತಂದೆ ಯಾರೇ ಆಗಿರಲಿ, ತಾಯಿ ಗುಲಾಮಳಾದರೆ ಮಗು ಗುಲಾಮ. ಯಜಮಾನರ ಅನುಕೂಲಕ್ಕೆ ಹೊಸೆದ ನಿಯಮ ಇದು. ಆದರೆ ಅದರ ಇನ್ನೊಂದು ತುದಿ ತಾಯಂದಿರ ಕೈಗೂ ಸಿಕ್ಕಿತು. ಹೆರುವ ಮೊದಲೇ ನಾನು ಸ್ವತಂತ್ರಳಾಗಿದ್ದೆ ಎಂದು ತಾಯಿ ಸಾಧಿಸಿದರೆ ಮಕ್ಕಳೂ ಸ್ವತಂತ್ರರೇ. ಗಂಡಸು ಗೆದ್ದರೆ ಅವನೊಬ್ಬನ ಬಿಡುಗಡೆ. ತಾಯಿ ಗೆದ್ದರೆ ಅವಳ ಹೊಟ್ಟೆಯಲ್ಲಿ ಹುಟ್ಟಿದವರದ್ದೂ.

ಪಾಲಿ ಎಂಬ ತಾಯಿ ಇದನ್ನು ಚೆನ್ನಾಗಿ ತಿಳಿದಿದ್ದಳು. ಚಿಕ್ಕವಳಿದ್ದಾಗ ಅವಳನ್ನು ಇಲಿನಾಯಿನಲ್ಲಿ ಕೆಲವು ತಿಂಗಳು ಕೂಲಿಗಿರಿಸಿದ್ದರು. ಮುಂದೆ ಮಿಸೌರಿಯಲ್ಲಿ ಮದುವೆ, ಇಬ್ಬರು ಹೆಣ್ಣುಮಕ್ಕಳು. ಗಂಡನನ್ನು ಯಜಮಾನರು ದಕ್ಷಿಣಕ್ಕೆ ಮಾರಿದರು. ದೊಡ್ಡ ಮಗಳು ನ್ಯಾನ್ಸಿ ನಯಾಗರದ ದಾರಿಯಲ್ಲಿ ಕೆನಡಾಕ್ಕೆ ಪಾರಾದಳು. ಪಾಲಿಯೂ ಒಮ್ಮೆ ಶಿಕಾಗೋವರೆಗೆ ಓಡಿಹೋಗಿ ಸಿಕ್ಕಿಬಿದ್ದಳು. ಮರಳಿ ಬಂದು 1839ರಲ್ಲಿ ದಾವೆ ಹೂಡಿ 1843ರಲ್ಲಿ ಗೆದ್ದಳು. ಅಷ್ಟರೊಳಗೇ ಕಿರಿಯ ಮಗಳು ಲೂಸಿಯನ್ನು ಮಾರಿಬಿಡುವ ಮಾತು ಎದ್ದಿತ್ತು. ಕಾರಣ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು: ಅವಳಿಗೆ ಬಟ್ಟೆ ಒಗೆಯಲು ಬರುತ್ತಿರಲಿಲ್ಲ, ಒಡತಿಯ ಬಟ್ಟೆ ಹಾಳು ಮಾಡಿದಳು, ಎದುರುತ್ತರ ಕೊಟ್ಟಳು. ಲೂಸಿ ಓಡಿ ತಾಯಿಯ ಬಳಿಗೆ ಬಂದಳು. ಮಗಳು ಅಪ್ರಾಪ್ತ ವಯಸ್ಸಿನವಳು. ಅವಳ ಪರವಾಗಿ 1842ರಲ್ಲಿ ತಾಯಿಯೇ ದಾವೆ ಹಾಕಿದಳು. ಮಗಳ ಮಾತನ್ನೂ ತಾಯಿಯೇ ಆಡಬೇಕಾಯಿತು.

ವ್ಯಾಜ್ಯ ತೀರುವವರೆಗೆ ಲೂಸಿಯನ್ನು ಜೈಲಿನಲ್ಲಿಟ್ಟರು. ಒಂದೆರಡು ವಾರವಲ್ಲ, 17 ತಿಂಗಳು. ಯಾವ ತಪ್ಪನ್ನೂ ಮಾಡದ ಹದಿಹರೆಯದ ಹುಡುಗಿ ಚಳಿಗಾಲ ಬೇಸಿಗೆಗಳನ್ನು ಜೈಲಿನಲ್ಲಿ ಕಳೆದಳು. 1844ರ ಫೆಬ್ರವರಿಯಲ್ಲಿ ವಿಚಾರಣೆ. ಅವಳ ಪರ ವಾದಿಸಿದ ಎಡ್ವರ್ಡ್ ಬೇಟ್ಸ್ ಮುಂದೆ ಲಿಂಕನ್ನನ ಸರ್ಕಾರದಲ್ಲಿ ಅಟಾರ್ನಿ ಜನರಲ್ ಆದವರು. ಲೂಸಿ ಹುಟ್ಟುವ ಮೊದಲೇ ಪಾಲಿ ಸ್ವತಂತ್ರಳೆಂದಾದ ಮೇಲೆ ಲೂಸಿಯೂ ಸ್ವತಂತ್ರಳು ಎಂದು ತೀರ್ಪಾಯಿತು. ಬಹಳ ವರ್ಷಗಳ ಮೇಲೆ, 1891ರ ಸುಮಾರಿಗೆ, ಲೂಸಿ ಡಿಲೇನಿ ಎಂಬ ಹೆಸರಿನಲ್ಲಿ ತನ್ನ ಕತೆಯನ್ನು ತಾನೇ ಪುಸ್ತಕವಾಗಿ ಅಚ್ಚು ಹಾಕಿಸಿದಳು. ಹಾಗಾಗಿ ಇಷ್ಟು ವಿವರ ನಮಗೆ ಸಿಕ್ಕಿದೆ.

ಈ ಕೋರ್ಟಿನ ಹೆಸರನ್ನು ಲೋಕಕ್ಕೆಲ್ಲ ತಿಳಿಸಿದ್ದು ಮಾತ್ರ ಡ್ರೆಡ್ ಸ್ಕಾಟ್ ಎಂಬಾತನ ದಾವೆ. ಅಮೆರಿಕದ ಚರಿತ್ರೆ ಓದಿದವರಿಗೆ ಹೆಸರು ಗೊತ್ತಿರುತ್ತದೆ. ನಾನೂ ಬಿ.ಎ. ತರಗತಿಯಲ್ಲಿ ಅಂತರ್ಯುದ್ಧದ ಕಾರಣಗಳು ಎಂಬ ಪ್ರಶ್ನೆಗೆ ಈ ಹೆಸರನ್ನು ಬಾಯಿಪಾಠ ಮಾಡಿದ್ದೆ. ಆತನ ಹೆಂಡತಿಯೂ ಅದೇ ದಿನ, ತನ್ನದೇ ಹೆಸರಿನಲ್ಲಿ, ಬೇರೆ ದಾವೆ ಹಾಕಿದ್ದಳೆಂದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಯಾವ ವಿದ್ಯಾರ್ಥಿನಿಗೂ ಹೇಳಿಲ್ಲ.

ಡ್ರೆಡ್‌ನನ್ನು ಕೊಂಡವರು ಎಮರ್ಸನ್ ಎಂಬ ಸೈನ್ಯದ ವೈದ್ಯರು. ಅವರೊಂದಿಗೆ ಆತ ಇಲಿನಾಯಿನಲ್ಲಿ, ಆಮೇಲೆ ಈಗಿನ ಮಿನೆಸೋಟಾದ ಸ್ನೆಲಿಂಗ್ ಕೋಟೆಯಲ್ಲಿ ಇದ್ದ. ಎರಡೂ ಸ್ವತಂತ್ರ ನೆಲ. ಆ ಕೋಟೆಯಲ್ಲಿ ಹ್ಯಾರಿಯೆಟ್ ರಾಬಿನ್ಸನ್ ಎಂಬ ಹುಡುಗಿಯೊಡನೆ ಮದುವೆಯಾಯಿತು. ಮದುವೆ ಮಾಡಿಸಿದ್ದು ಅವಳ ಯಜಮಾನರೇ ಆಗಿದ್ದ ಅಲ್ಲಿನ ಸರ್ಕಾರಿ ಅಧಿಕಾರಿ. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆಯೇ ಇರದ ಕಾಲದಲ್ಲಿ ಇವರದು ಅಧಿಕಾರಿಯ ಮುಂದೆ ನಡೆದ ಮದುವೆ. ಮೊದಲ ಮಗಳು ಎಲೈಜಾ ಹುಟ್ಟಿದ್ದು ಹಬೆಯ ದೋಣಿಯಲ್ಲಿ, ಮಿಸೌರಿಯ ಗಡಿಯಾಚೆ, ಸ್ವತಂತ್ರ ನೀರಿನ ಮೇಲೆ. ಎರಡನೆಯವಳು ಲಿಜ್ಜಿ. 1843ರಲ್ಲಿ ವೈದ್ಯರು ತೀರಿಕೊಂಡ ಮೇಲೆ ಅವರ ಹೆಂಡತಿ ಐರೀನ್ ಈ ಸಂಸಾರವನ್ನು ಬೇರೆಯವರ ಮನೆಗಳಿಗೆ ಕೂಲಿಗೆ ಕಳಿಸಿ ಹಣ ತೆಗೆದುಕೊಳ್ಳುತ್ತಿದ್ದಳು.

1846ರ ಏಪ್ರಿಲ್ 6ರಂದು ಗಂಡ ಹೆಂಡತಿ ಇಬ್ಬರೂ ದಾವೆ ಹೂಡಿದರು. ಇಬ್ಬರಿಗೂ ಓದುಬರಹವಿಲ್ಲ, ಅರ್ಜಿಯ ಕೊನೆಗೆ ಗೀಟು ಎಳೆದಿದ್ದಾರೆ. ಮಕ್ಕಳು ದೊಡ್ಡವರಾಗುತ್ತಿದ್ದರು. ಬೆಳೆದ ಹೆಣ್ಣುಮಕ್ಕಳಿಗೆ ಸಂತೆಯಲ್ಲಿ ಏನು ಬೆಲೆ, ಆಮೇಲೆ ಅವರ ಗತಿ ಏನು ಎಂಬುದನ್ನು ಹ್ಯಾರಿಯೆಟ್‌ಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

1847ರ ಜೂನ್‌ನಲ್ಲಿ ಪಶ್ಚಿಮದ ಕೈಯ ಕೆಳಗಿನ ಕೋಣೆಯಲ್ಲಿ ವಿಚಾರಣೆ ನಡೆಯಿತು, ಸೋತರು. ಇವರನ್ನು ಐರೀನ್‌ಳಿಂದ ಕೂಲಿಗೆ ಪಡೆದಿದ್ದೆ ಎಂದು ಹೇಳಬೇಕಾದ ಸಾಕ್ಷಿ, ‘ಆ ವ್ಯವಹಾರವನ್ನೆಲ್ಲ ನನ್ನ ಹೆಂಡತಿ ನೋಡಿಕೊಂಡಳು, ನನಗೆ ನೇರವಾಗಿ ಗೊತ್ತಿಲ್ಲ’ ಎಂದುಬಿಟ್ಟ. ಇವರು ಐರೀನ್‌ಳ ಗುಲಾಮರೆಂಬುದಕ್ಕೆ ಸಾಕ್ಷಿ ಸಾಲದ್ದರಿಂದ ಇವರು ಐರೀನ್‌ಳ ಗುಲಾಮರಾಗಿಯೇ ಉಳಿದರು! ಮರುವಿಚಾರಣೆ ಬರುವಷ್ಟರಲ್ಲಿ 1849ರ ದೊಡ್ಡ ಬೆಂಕಿ, ಕಾಲರಾ ಎರಡೂ ಊರನ್ನು ಹಣ್ಣು ಮಾಡಿದವು. 1848ರಿಂದಲೇ ಇವರನ್ನು ಶೆರೀಫನ ವಶಕ್ಕೆ ಕೊಟ್ಟಿದ್ದರು. ಕೂಲಿಗೆ ಕಳಿಸುತ್ತಿದ್ದವನು ಅವನೇ, ಕೂಲಿಯ ಹಣ ಅವನ ಬಳಿಯೇ ಜಮೆ. 1850ರ ಜನವರಿಯಲ್ಲಿ, ವ್ಯವಹಾರ ನೋಡಿಕೊಂಡಿದ್ದ ಆ ಹೆಂಡತಿ, ಅಡಲೈನ್ ರಸೆಲ್, ಕೊಟ್ಟ ಹೇಳಿಕೆಯ ಬಲದಿಂದ ಜ್ಯೂರಿ ಇವರನ್ನು ಸ್ವತಂತ್ರರೆಂದಿತು.

ಅಲ್ಲಿಗೇ ಮುಗಿಯಬೇಕಿತ್ತು. ಐರೀನ್ ಮೇಲ್ಮನವಿ ಹಾಕಿದಳು. ಎರಡು ದಾವೆಗಳೂ ಒಂದೇ ಥರದವು, ಗಂಡನದರಲ್ಲಿ ಏನಾಗುತ್ತದೋ ಹೆಂಡತಿಯದರಲ್ಲೂ ಅದೇ ಆಗಲಿ ಎಂದು 1850ರಲ್ಲಿ ವಕೀಲರು ಒಪ್ಪಿಕೊಂಡರು. ಹ್ಯಾರಿಯೆಟ್‌ಳ ದಾವೆ ಗಂಡನ ದಾವೆಯ ಬೆನ್ನಿಗೆ ಬಿತ್ತು. 1852ರಲ್ಲಿ ಮಿಸೌರಿಯ ಮೇಲಿನ ಕೋರ್ಟು, ಕಾಲ ಬದಲಾಗಿದೆ ಎಂದು ಹೇಳಿ, ವಿನ್ನಿ ಮತ್ತು ರೇಚಲ್ ಗಳಿಸಿಕೊಟ್ಟಿದ್ದ ನ್ಯಾಯವನ್ನು ಮುರಿಯಿತು. ಡ್ರೆಡ್ ಕೇಂದ್ರದ ಕೋರ್ಟಿಗೆ ಹೋದ. 1857ರ ಮಾರ್ಚ್ 6ರಂದು ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟು, ಏಳು ಜನ ಒಂದು ಕಡೆ, ಇಬ್ಬರು ಇನ್ನೊಂದು ಕಡೆ, ತೀರ್ಪು ಹೇಳಿತು: ಕರಿಯರು ಅಮೆರಿಕದ ಪ್ರಜೆಗಳೇ ಅಲ್ಲ, ಆದ್ದರಿಂದ ದಾವೆ ಹೂಡುವ ಹಕ್ಕೇ ಇಲ್ಲ, ಹೊಸ ಪ್ರಾಂತ್ಯಗಳಲ್ಲಿ ಗುಲಾಮಗಿರಿಯನ್ನು ತಡೆಯುವ ಅಧಿಕಾರ ಸಂಸತ್ತಿಗೂ ಇಲ್ಲ. ಉತ್ತರದ ರಾಜ್ಯಗಳು ಕೆರಳಿದವು. ನಾಲ್ಕು ವರ್ಷಕ್ಕೆ ಅಂತರ್ಯುದ್ಧ ಶುರುವಾಯಿತು.

ಆದರೆ ಆ ಸಂಸಾರದ ಬಿಡುಗಡೆಗೆ ಅಷ್ಟು ವರ್ಷ ಬೇಕಾಗಲಿಲ್ಲ. ಐರೀನ್ ಅಷ್ಟರಲ್ಲಿ ಗುಲಾಮಗಿರಿಯ ವಿರೋಧಿಯಾದ ಸಂಸದನೊಬ್ಬನನ್ನು ಮರುಮದುವೆಯಾಗಿದ್ದಳು. ಅವನಿಗೆ ಮುಖ ತೋರಿಸುವುದು ಕಷ್ಟವಾಯಿತು. ಸ್ಕಾಟ್ ಸಂಸಾರವನ್ನು ಡ್ರೆಡ್‌ನ ಮೊದಲ ಯಜಮಾನನ ಮಗ ಟೇಲರ್ ಬ್ಲೋ ಅವರಿಗೆ ವಹಿಸಿದರು. 1857ರ ಮೇ 26ರಂದು ಇದೇ ಕಟ್ಟಡದಲ್ಲಿ, 1850ರ ವಿಚಾರಣೆ ನಡೆಸಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಎಂಬ ಅದೇ ನ್ಯಾಯಾಧೀಶರ ಮುಂದೆ, ಅವರು ನಾಲ್ವರನ್ನೂ ಬಿಡುಗಡೆ ಮಾಡಿದರು. ಹನ್ನೊಂದು ವರ್ಷ ಆಗಿತ್ತು. ಆ ಬೇಸಿಗೆಯಲ್ಲಿ ಪತ್ರಿಕೆಯವರು ಅವರನ್ನು ಹುಡುಕಿಕೊಂಡು ಹೋದಾಗ ಹ್ಯಾರಿಯೆಟ್ ಇಬ್ಬರು ಸಹಾಯಕಿಯರ ಜೊತೆ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳಂತೆ. ದೇಶವೆಲ್ಲ ಅವರ ಹೆಸರು ಕೂಗಾಡುತ್ತಿದ್ದರೂ ಒಗೆದ ಬಟ್ಟೆ ಹೊತ್ತಿಗೆ ಸರಿಯಾಗಿ ತಲುಪಿಸಬೇಕಲ್ಲ! ಡ್ರೆಡ್ ಮರುವರ್ಷವೇ ಕ್ಷಯದಿಂದ ತೀರಿಕೊಂಡ. ಹ್ಯಾರಿಯೆಟ್ 1876ರವರೆಗೆ ಬದುಕಿದಳು. 1865ರಲ್ಲಿ ಸಂವಿಧಾನದಿಂದ ಗುಲಾಮಗಿರಿ ಅಳಿದದ್ದನ್ನೂ, 1868ರ 14ನೇ ತಿದ್ದುಪಡಿ ಆ ತೀರ್ಪನ್ನು ತೊಡೆದುಹಾಕಿದ್ದನ್ನೂ ನೋಡಿಯೇ ಹೋದಳು.

ಹ್ಯಾರಿಯೆಟ್‌ಳ ದಾವೆಯನ್ನು ಬೇರೆಯಾಗಿಯೇ ನೋಡಬೇಕಿತ್ತು, ಮಕ್ಕಳ ಬಿಡುಗಡೆ ನಿಂತಿದ್ದುದು ಅವಳ ಹಕ್ಕಿನ ಮೇಲೆ ಎಂದು 1997ರಲ್ಲಿ ಲೀ ವ್ಯಾಂಡರ್‌ವೆಲ್ಡೆ, ಸಂಧ್ಯಾ ಸುಬ್ರಮಣಿಯನ್ ಎಂಬ ಇಬ್ಬರು ಮಹಿಳೆಯರು ಯೇಲ್ ವಿಶ್ವವಿದ್ಯಾಲಯದ ಕಾನೂನು ಪತ್ರಿಕೆಯಲ್ಲಿ ಬರೆದರು. ಲೇಖನದ ಹೆಸರು ‘ಮಿಸೆಸ್ ಡ್ರೆಡ್ ಸ್ಕಾಟ್’. ಅಷ್ಟು ಹೊತ್ತಿಗೆ ದಾವೆ ಹೂಡಿ ನೂರೈವತ್ತು ವರ್ಷ ಕಳೆದಿತ್ತು.

ಇದೇ ಕಟ್ಟಡಕ್ಕೆ ಇನ್ನೊಬ್ಬಳು ಬಂದಳು. ಬಿಳಿಯಳು, ವಕೀಲರ ಹೆಂಡತಿ, ವರ್ಜೀನಿಯಾ ಮೈನರ್. 14ನೇ ತಿದ್ದುಪಡಿ ಇಲ್ಲಿ ಹುಟ್ಟಿದವರೆಲ್ಲ ಪ್ರಜೆಗಳು ಎನ್ನುವುದಾದರೆ ನಾನೂ ಪ್ರಜೆ, ನನಗೂ ಮತ ಹಾಕುವ ಹಕ್ಕಿದೆ ಎಂದು 1872ರ ಅಕ್ಟೋಬರ್ 15ರಂದು ಹೆಸರು ನೋಂದಾಯಿಸಲು ಹೋದಳು. ಅಧಿಕಾರಿ ಒಪ್ಪಲಿಲ್ಲ. ದಾವೆ ಹಾಕಬೇಕೆಂದರೆ ಮದುವೆಯಾದವಳು ಅಲ್ಲಿಯ ಕಾನೂನಿನಂತೆ ಒಬ್ಬಳೇ ದಾವೆ ಹೂಡುವಂತಿಲ್ಲ. ಗಂಡ ಫ್ರಾನ್ಸಿಸ್ ಜೊತೆಗೆ ನಿಲ್ಲಬೇಕಾಯಿತು. ಗೀಟು ಎಳೆಯುತ್ತಿದ್ದ ಹ್ಯಾರಿಯೆಟ್‌ಳ ಅರ್ಜಿ ಅವಳೊಬ್ಬಳ ಹೆಸರಿನಲ್ಲಿತ್ತು. ಓದುಬರಹ ಬಲ್ಲ ಈಕೆಯದು ಗಂಡನ ಹೆಸರಿನ ಜೊತೆ. ಹೆಸರೇ ಮೈನರ್! ನನ್ನ ಬಾಲ್ಯದ ಆ ಕಾಗದ ಇನ್ನೊಮ್ಮೆ ನೆನಪಾಯಿತು. ಇಲ್ಲಿ ಸೋತರು, 1875ರಲ್ಲಿ ಸುಪ್ರೀಂ ಕೋರ್ಟೂ, ಹೆಂಗಸು ಪ್ರಜೆಯೇನೋ ಹೌದು, ಆದರೆ ಪ್ರಜೆಯಾದ ಮಾತ್ರಕ್ಕೆ ಮತದಾನದ ಹಕ್ಕು ಬರುವುದಿಲ್ಲ ಎಂದಿತು. ವರ್ಜೀನಿಯಾ ಮೈನರ್ ತೀರಿಕೊಂಡದ್ದು 1894ರಲ್ಲಿ. ಅಮೆರಿಕದ ಸಂವಿಧಾನದಲ್ಲಿ ಹೆಂಗಸರಿಗೆ ಮತದ ಹಕ್ಕು ಬಂದದ್ದು 1920ರಲ್ಲಿ.

ನಮಗೆ ಆ ಹಕ್ಕು 1950ರ ಸಂವಿಧಾನದೊಡನೆಯೇ ಬಂತು ಎಂದು ನಾನು ತರಗತಿಯಲ್ಲಿ ಹೆಮ್ಮೆಯಿಂದ ಹೇಳುವುದುಂಟು. ಹೆಮ್ಮೆ ಸರಿಯೇ. ಆದರೆ ನಮ್ಮ ಮೊದಲ ಮಹಾಚುನಾವಣೆಯ ಪಟ್ಟಿಯಿಂದ ಸುಮಾರು 28 ಲಕ್ಷ ಹೆಂಗಸರನ್ನು ಕೈಬಿಡಬೇಕಾಯಿತು. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಸ್ವಂತ ಹೆಸರನ್ನು ಹೇಳಿರಲಿಲ್ಲ. ಚುನಾವಣೆಯ ಕೆಲಸಕ್ಕೆ ಹಾಕಿದಾಗಲೆಲ್ಲ ನಾನು ಮತಗಟ್ಟೆಯಲ್ಲಿ ಹೆಸರು ಕೂಗಿ, ಬೆರಳಿಗೆ ಶಾಯಿ ಹಚ್ಚಿದ್ದೇನೆ. ಮುಪ್ಪಾದ ಹೆಂಗಸರು ತಮ್ಮ ಹೆಸರನ್ನು ಜೋರಾಗಿ ಕೂಗಿದ್ದು ಕೇಳಿ ಸಣ್ಣಗೆ ನಾಚುವುದನ್ನು ನೋಡಿದ್ದೇನೆ.

ಕಟ್ಟಡದ ಮುಂದಿನ ಕತೆ ಬೇಗ ಹೇಳಿಬಿಡುತ್ತೇನೆ. 1870ರ ದಶಕದಲ್ಲಿ ನಗರ, ಕೌಂಟಿ ಬೇರೆಯಾದವು. ಕಟ್ಟಡ ನಗರದ ಪಾಲಿಗೆ ಬಂತು. 1930ರಲ್ಲಿ ಕೋರ್ಟುಗಳು ಹೊಸ ಕಟ್ಟಡಕ್ಕೆ ಹೋದವು. ಎಂದೆಂದಿಗೂ ಕೋರ್ಟೇ ಇರತಕ್ಕದ್ದು ಎಂಬ ಷರತ್ತು ಮುರಿಯಿತು, ನಮ್ಮ ನಿವೇಶನ ನಮಗೆ ಕೊಡಿ ಎಂದು ದಾನಿ ಲ್ಯೂಕಸ್ ಅವರ ವಂಶಸ್ಥರೇ ಕೋರ್ಟಿಗೆ ಹೋದರು, ಸೋತರು. 1940ರಲ್ಲಿ ಕಟ್ಟಡ ಕೇಂದ್ರ ಸರ್ಕಾರದ ಕೈ ಸೇರಿತು. ನದೀತೀರದ ಸ್ಮಾರಕಕ್ಕಾಗಿ ಹಳೆಯ ಊರಿನ ಸುಮಾರು ನಲವತ್ತು ಚೌಕಗಳನ್ನು ಕೆಡವಿ ಬಯಲು ಮಾಡಿದರು, ಕೋರ್ಟು ಉಳಿಯಿತು. 1965ರಲ್ಲಿ ಕಮಾನು ಎದ್ದಿತು. ಸ್ಕಾಟ್ ದಂಪತಿಗಳ ವಿಚಾರಣೆ ನಡೆದ ಕೋಣೆ ಮಾತ್ರ ಅದಕ್ಕೂ ಬಹಳ ಮೊದಲೇ, 1850ರ ದಶಕದ ಮಾರ್ಪಾಟಿನಲ್ಲಿ, ಇಲ್ಲವಾಗಿತ್ತು. ಕೋಣೆ ಹೋದರೂ ಕಾಗದ ಉಳಿದಿತ್ತು. ಕೋರ್ಟಿನ ಹಳೆಯ ದಫ್ತರಗಳಲ್ಲಿ ಮಸಿಹಿಡಿದು ಮಡಿಸಿಟ್ಟಿದ್ದ ಬಿಡುಗಡೆಯ ದಾವೆಗಳ ಪತ್ರಗಳನ್ನು 1990ರ ದಶಕದ ಕೊನೆಯಿಂದ ಒಂದೊಂದಾಗಿ ಬಿಡಿಸಿ ಓದುತ್ತಾ ಬಂದರು. ಆಗ ಈ ತಾಯಂದಿರ ಹೆಸರುಗಳು ಹೊರಗೆ ಬಂದವು.

2012ರಲ್ಲಿ ಅಂಗಳದಲ್ಲಿ ಒಂದು ಕಂಚಿನ ಪ್ರತಿಮೆ ನಿಲ್ಲಿಸಿದ್ದಾರೆ. ಡ್ರೆಡ್ ಮತ್ತು ಹ್ಯಾರಿಯೆಟ್ ಅಕ್ಕಪಕ್ಕ ನಿಂತಿದ್ದಾರೆ. ಮಗಳು, ಅಳಿಯ ಕಮಾನಿನಿಂದ ಇಳಿದು ಬರುವವರೆಗೆ ಅಲ್ಲೇ ಕೂತಿದ್ದೆ. “ಮೇಲಿಂದ ಎಷ್ಟು ದೂರ ಕಾಣತ್ತೆ ಗೊತ್ತಾ, ನೀನು ಬರಬೇಕಿತ್ತಮ್ಮ” ಎಂದಳು ಮಗಳು. “ನನಗೂ ದೂರ ಕಾಣಿಸಿತು ಕಣೆ” ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಕಾರಿನಲ್ಲಿ ಮನೆಗೆ ಹೋಗುತ್ತಾ ಪಾಲಿ, ಲೂಸಿಯರ ಕತೆ ಹೇಳಿದೆ. ಅಜ್ಜಿಯ ಖಟ್ಲೆಯ ಕತೆಯನ್ನೂ ಅವತ್ತೇ ಮೊದಲ ಸಲ ಪೂರ್ತಿಯಾಗಿ ಹೇಳಿದೆ.

ನಮ್ಮ ಖಟ್ಲೆ ಒಂಬತ್ತು ವರ್ಷಕ್ಕೆ ರಾಜಿಯಲ್ಲಿ ಮುಗಿಯಿತು. ಒಂದೂವರೆ ಎಕರೆ ಬಂತು, ಅದರ ಮೇಲೆ ನನ್ನ ಬಿ.ಎಡ್. ಆಯಿತು. ನಮ್ಮದು ಮಣ್ಣಿನ ವ್ಯಾಜ್ಯ, ಆ ತಾಯಂದಿರದು ಮೈಯ ವ್ಯಾಜ್ಯ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು. ಊರಿಗೆ ಬಂದ ಮೇಲೆ ಅಮ್ಮನ ಟ್ರಂಕಿನಿಂದ ಹಳೆಯ ನಕಲನ್ನು ಹುಡುಕಿ ತೆಗೆದೆ. ಮಡಿಕೆಯ ಕಡೆ ಹರಿದಿದೆ. ಅಮ್ಮನ ಹೆಸರಿನ ಮುಂದೆ ‘ಕೋಂ’ ಎಂದು ಬರೆದು ಅಪ್ಪನ ಹೆಸರು. ಆದರೆ ಕೊನೆಯ ಪುಟದ ಕೆಳಗೆ ಬಲಗಡೆ, ಒಂದೊಂದೇ ಅಕ್ಷರ ಬಿಡಿಸಿ ಬರೆದ ಸಹಿಯಲ್ಲಿ, ಅವಳ ಹೆಸರು ಮಾತ್ರ ಇದೆ. ಅದನ್ನು ಬರೆಯುವುದಕ್ಕೆಂದೇ ಅವಳು ನನ್ನ ಸ್ಲೇಟಿನ ಮೇಲೆ ಒಂದು ತಿಂಗಳು ಅಭ್ಯಾಸ ಮಾಡಿದ್ದಳು.